ತಾಲ್ಲೂಕಿನ ಲೈಂಗಿಕ, ಸಂತಾನ ಆರೋಗ್ಯ ಸೇವೆ: ಯೋಜನೆ ಬರೆಯುವುದರಿಂದ ಜಾರಿ ಮಾಡುವವರೆಗೆ

ಕರ್ನಾಟಕದ ಅಂಕಿಗಳನ್ನು ಮೇಲೆ ಮೇಲೆ ನೋಡಿದರೆ ಸಮಾಧಾನವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ 97% ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿದೆ. ಅದೇ ಸಮೀಕ್ಷೆಯ ಇನ್ನೆರಡು ಸಾಲು ಓದಿ. ಮದುವೆಯಾದ 15ರಿಂದ 49 ವರ್ಷದ ಮಹಿಳೆಯರಲ್ಲಿ 57.4% ಜನ ಸಂತಾನಹರಣ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಎದುರಿಗೆ 0.0 ಎಂದು ಬರೆದಿದೆ. 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ 21.3% ಜನರ ಮದುವೆ 18 ತುಂಬುವ ಮೊದಲೇ ಆಗಿದೆ.

ಹೆರಿಗೆ ಮತ್ತು ಹೆಂಗಸರ ಆಪರೇಷನ್, ಈ ಎರಡು ಕೆಲಸವನ್ನು ನಮ್ಮ ವ್ಯವಸ್ಥೆ ಚೆನ್ನಾಗಿ ಕಲಿತಿದೆ. ಹೊಸದಾಗಿ ಮದುವೆಯಾದವಳಿಗೆ ಮೊದಲ ಮಗು ತಡವಾಗಲಿ ಎಂದರೆ ಏನು ಸಿಗುತ್ತದೆ? ಮದುವೆಯಾಗದ ಹುಡುಗಿಗೆ ತಿಂಗಳು ನಿಂತರೆ ಎಲ್ಲಿಗೆ ಹೋಗಬೇಕು? ಗಂಡಸಿಗೆ ಮೂತ್ರದಲ್ಲಿ ಕೀವು ಬಂದರೆ ಯಾರ ಹತ್ತಿರ ಹೇಳಬೇಕು? ಇಲ್ಲಿ ಬಹಳಷ್ಟು ತಾಲ್ಲೂಕುಗಳ ಯೋಜನೆ ಖಾಲಿ ಇರುತ್ತದೆ. ಕಾರಣ ಸರಳ. ಈ ವರ್ಷದ ಯೋಜನೆಯನ್ನು ಹೋದ ವರ್ಷದ ಯೋಜನೆ ನೋಡಿ ಬರೆಯುತ್ತಾರೆ. ಅದರಲ್ಲಿ ಆಸ್ಪತ್ರೆಗೆ ಬಂದವರ ಲೆಕ್ಕ ಮಾತ್ರ ಇರುತ್ತದೆ. ಬರದೇ ಇದ್ದವರು ಯಾರು, ಯಾಕೆ ಬರಲಿಲ್ಲ ಎಂಬಲ್ಲಿಂದ ಯೋಜನೆ ಶುರುವಾಗಬೇಕು. ಈ ಮಾರ್ಗದರ್ಶಿ ಪೂರ್ತಿ ನಿಂತಿರುವುದು ಆ ಒಂದು ಮಾತಿನ ಮೇಲೆ.

ಇದು ತಾಲ್ಲೂಕು ಆರೋಗ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರು, ಆರೋಗ್ಯ ರಕ್ಷಾ ಸಮಿತಿ ಸದಸ್ಯರು, ಪಂಚಾಯಿತಿಯವರು ಮತ್ತು ಅವರ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗಾಗಿ ಬರೆದದ್ದು.

ಹಂತ 1: ಹಣ ಎಲ್ಲಿಂದ ಬರುತ್ತದೆ, ಯಾವಾಗ ಕೇಳಬೇಕು ಎಂದು ತಿಳಿದುಕೊಳ್ಳಿ

ಮುಖ್ಯ ದಾರಿ ರಾಷ್ಟ್ರೀಯ ಆರೋಗ್ಯ ಅಭಿಯಾನ. ಇದರಲ್ಲಿ ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು 60%, ರಾಜ್ಯದ ಪಾಲು 40%. ತಾಲ್ಲೂಕಿನ ಬೇಡಿಕೆ ಜಿಲ್ಲಾ ಯೋಜನೆಗೆ ಸೇರುತ್ತದೆ. ಜಿಲ್ಲೆಗಳ ಯೋಜನೆಗಳು ಸೇರಿ ರಾಜ್ಯದ ಪಿಐಪಿ, ಅಂದರೆ ಕಾರ್ಯಕ್ರಮ ಜಾರಿ ಯೋಜನೆ ಆಗುತ್ತದೆ. ಅದನ್ನು ಕೇಂದ್ರ ಪರಿಶೀಲಿಸಿ ಒಪ್ಪಿಗೆ ಕೊಟ್ಟ ಮೇಲೆ ಆರ್‌ಒಪಿ ಎಂಬ ಮಂಜೂರಾತಿ ದಾಖಲೆ ಬರುತ್ತದೆ. ಅದರಲ್ಲಿ ಇಲ್ಲದ ಕೆಲಸಕ್ಕೆ ಈ ದಾರಿಯಲ್ಲಿ ಹಣ ಬರುವುದಿಲ್ಲ. 2022-24ರಿಂದ ಪಿಐಪಿಯನ್ನು ಎರಡು ವರ್ಷಕ್ಕೆ ಒಟ್ಟಿಗೆ ಮಾಡುತ್ತಿದ್ದಾರೆ. ಹಾಗಾಗಿ ಒಮ್ಮೆ ಬಿಟ್ಟುಹೋದರೆ ಮುಂದಿನ ಅವಕಾಶ ದೂರ.

ಬೇಡಿಕೆ ಕಳಿಸಿ ಎಂಬ ಪತ್ರ ಬಂದ ಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ದಿನ. ಅಷ್ಟರಲ್ಲಿ ಜನರನ್ನು ಕೇಳಿ ಯೋಜನೆ ಮಾಡಲು ಆಗುವುದಿಲ್ಲ. ಆಗಸ್ಟ್‌ನಲ್ಲೇ ಶುರು ಮಾಡಿ. ಪತ್ರ ಬರುವಷ್ಟರಲ್ಲಿ ನಿಮ್ಮ ಕಡತ ಸಿದ್ಧವಿರಲಿ.

ಸಣ್ಣ ಮೂಲಗಳನ್ನೂ ಪಟ್ಟಿ ಮಾಡಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಇದೆ. ಆರೋಗ್ಯ ರಕ್ಷಾ ಸಮಿತಿಗೂ ಮುಕ್ತ ನಿಧಿ ಇದೆ. ಪರದೆ, ಶೌಚಾಲಯಕ್ಕೆ ಚಿಲಕ, ಪರೀಕ್ಷಾ ಕೋಣೆಗೆ ದೀಪ, ಇಂಥವಕ್ಕೆ ಪಿಐಪಿ ಕಾಯಬೇಕಿಲ್ಲ. ಗಣಿ ಪ್ರದೇಶದ ಜಿಲ್ಲೆಯಾದರೆ ಜಿಲ್ಲಾ ಖನಿಜ ನಿಧಿ ಇದೆ. ಕಲ್ಯಾಣ ಕರ್ನಾಟಕದ ಜಿಲ್ಲೆಯಾದರೆ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕಟ್ಟಡ, ಉಪಕರಣಕ್ಕೆ ಅಲ್ಲಿ ಕೇಳುವುದು ಸುಲಭ. ಸಿಬ್ಬಂದಿ ಸಂಬಳಕ್ಕೆ ಅಂಥ ನಿಧಿ ನಂಬಬೇಡಿ. ಒಂದು ವರ್ಷ ಕೊಟ್ಟು ಮುಂದಿನ ವರ್ಷ ನಿಂತರೆ ಕ್ಲಿನಿಕ್ ಬಾಗಿಲು ಮುಚ್ಚುತ್ತದೆ.

ಹಂತ 2: ಕೂತು ಮಾತಾಡುವ ಗುಂಪು ಕಟ್ಟಿ

ಎಂಟು ಹತ್ತು ಜನ ಸಾಕು. ತಾಲ್ಲೂಕು ಆರೋಗ್ಯಾಧಿಕಾರಿ, ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರು, ಇಬ್ಬರು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿಗಳು, ಒಬ್ಬ ಆಶಾ, ಎಚ್‌ಐವಿ ಪರೀಕ್ಷೆ, ಸಮಾಲೋಚನೆ ಮಾಡುವ ಐಸಿಟಿಸಿ ಕೇಂದ್ರದ ಆಪ್ತಸಮಾಲೋಚಕರು, ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಿಂದ ಒಬ್ಬರು, ಶಿಕ್ಷಣ ಇಲಾಖೆಯಿಂದ ಒಬ್ಬರು, ಒಬ್ಬ ಪಂಚಾಯಿತಿ ಸದಸ್ಯೆ. ಇವರ ಜೊತೆ ಫಾರ್ಮಸಿ ಅಧಿಕಾರಿಯನ್ನು ಮರೆಯಬೇಡಿ. ನಾನು ಕಂಡ ಹೆಚ್ಚಿನ ಸಭೆಗಳಲ್ಲಿ ಅವರಿಗೆ ಕುರ್ಚಿಯೇ ಇರುವುದಿಲ್ಲ. ಔಷಧ ಮುಗಿದಾಗ ಮಾತ್ರ ಅವರ ಹೆಸರು ಬರುತ್ತದೆ.

ಹಂತ 3: ಅಗತ್ಯದ ಲೆಕ್ಕ ಹಾಕಿ

ಆಸ್ಪತ್ರೆಗಳು ತಮ್ಮ ಸೇವೆಯ ಲೆಕ್ಕ ತುಂಬುವ ಎಚ್‌ಎಂಐಎಸ್ ಮತ್ತು ತಾಯಿ, ಮಗುವಿನ ದಾಖಲೆ ಇಡುವ ಆರ್‌ಸಿಎಚ್ ಪೋರ್ಟಲ್‌ನಲ್ಲಿ ನಿಮ್ಮ ತಾಲ್ಲೂಕಿನ ಅಂಕಿಗಳಿವೆ. ಅವು ಬಂದವರ ಲೆಕ್ಕ. ಎಷ್ಟು ಜನಕ್ಕೆ ಬೇಕಿತ್ತು ಎಂಬುದನ್ನು ನೀವೇ ಅಂದಾಜು ಮಾಡಬೇಕು.

ಎರಡು ಲಕ್ಷ ಜನಸಂಖ್ಯೆಯ ತಾಲ್ಲೂಕು ಎಂದುಕೊಳ್ಳೋಣ. ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 16.5 ಜನನ ಎಂದು ಹಿಡಿದರೆ 3,300 ಜನನ. ಗರ್ಭಪಾತ ಮತ್ತು ಸತ್ತು ಹುಟ್ಟುವ ಮಕ್ಕಳಿಗಾಗಿ 10% ಸೇರಿಸಿ. 3,630 ಗರ್ಭಿಣಿಯರು. ಇವರಲ್ಲಿ 15% ಜನಕ್ಕೆ ಏನಾದರೂ ತೊಡಕು ಬರಬಹುದು ಎಂಬುದು ರೂಢಿಯ ಅಂದಾಜು. ಅಂದರೆ ಸುಮಾರು 545 ಜನ. ಅವರಿಗೆ ರಕ್ತ, ಅರಿವಳಿಕೆ, ಸಿಸೇರಿಯನ್ ಎಲ್ಲಿ ಸಿಗುತ್ತದೆ? ಪ್ರತಿ ಹಳ್ಳಿಯಿಂದ ಅಲ್ಲಿಗೆ ಎಷ್ಟು ಹೊತ್ತು? ಇದನ್ನು ನಕ್ಷೆಯ ಮೇಲೆ ಬರೆಯಿರಿ. ಕಿಲೋಮೀಟರ್ ಬರೆಯಬೇಡಿ, ಸಮಯ ಬರೆಯಿರಿ. ಮಲೆನಾಡಿನ ಮಳೆಗಾಲದಲ್ಲಿ 20 ಕಿಲೋಮೀಟರ್ ಎಂದರೆ ಏನು ಎಂದು ಅಲ್ಲಿಯವರಿಗೆ ಗೊತ್ತು.

ಸಾವಿರ ಜನಕ್ಕೆ ಸುಮಾರು 170 ಅರ್ಹ ದಂಪತಿ, ಅಂದರೆ ಹೆಂಡತಿಗೆ ಮಗುವಾಗುವ ವಯಸ್ಸಿರುವ ದಂಪತಿ ಎಂದು ಲೆಕ್ಕ. ಎರಡು ಲಕ್ಷಕ್ಕೆ 34,000. ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 6.4% ಮಹಿಳೆಯರಿಗೆ ಈಗ ಮಗು ಬೇಡ ಅಥವಾ ಮುಂದೆ ಬೇಡ, ಆದರೂ ಯಾವ ವಿಧಾನವೂ ಕೈಯಲ್ಲಿಲ್ಲ. ನಿಮ್ಮ ತಾಲ್ಲೂಕಿಗೆ ಅದನ್ನೇ ಹಿಡಿದರೆ ಸುಮಾರು 2,200 ಮನೆ. ಇಲ್ಲಿ ಒಂದು ಎಚ್ಚರ. ಇದು ಮದುವೆಯಾದವರ ಲೆಕ್ಕ ಮಾತ್ರ. ಮದುವೆಯಾಗದವರು, ಗಂಡನನ್ನು ಬಿಟ್ಟವರು, ವಿಧವೆಯರು ಇದರಲ್ಲಿ ಇಲ್ಲ. ಅರ್ಹ ದಂಪತಿಗಳ ರಿಜಿಸ್ಟರಿನಲ್ಲೂ ಅವರಿಲ್ಲ. ಹೆಸರು ಎಲ್ಲೂ ಇಲ್ಲ ಎಂದ ಮಾತ್ರಕ್ಕೆ ಅವರಿಗೆ ಅಗತ್ಯ ಇಲ್ಲ ಎಂದಲ್ಲ, ಅಲ್ವಾ?

ಸಮೀಕ್ಷೆಯ ಅಂಕಿ ಜಿಲ್ಲೆಯವರೆಗೆ ಮಾತ್ರ ಸಿಗುತ್ತದೆ. ಜಿಲ್ಲೆಯ ಸರಾಸರಿಯಲ್ಲಿ ತಾಂಡಾ, ಹಾಡಿ, ಕಾಲೋನಿಗಳು ಕಾಣುವುದಿಲ್ಲ. ಅವನ್ನು ಕಾಣಿಸಲು ಮುಂದಿನ ಹಂತ ಬೇಕು.

ಹಂತ 4: ಬರದವರನ್ನು ಕೇಳಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಕಡಿಮೆ ಮಾಡುವುದಾದರೆ ಬೇರೆ ಎಲ್ಲಾದರೂ ಮಾಡಿ, ಇಲ್ಲಿ ಬೇಡ.

1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಗರ್ಭನಿರೋಧಕ ಕ್ಲಿನಿಕ್‌ಗಳನ್ನು ತೆರೆದಿತ್ತು. ಜಗತ್ತಿನಲ್ಲೇ ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. 1950ರ ದಶಕದ ಮೊದಲ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಒಂದು ಪ್ರಯೋಗ ನಡೆಯಿತು. ಸುರಕ್ಷಿತ ದಿನ ಎಣಿಸಿಕೊಳ್ಳಲು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಅದು ಫಲ ಕೊಡಲಿಲ್ಲ. ತುಂಬಿದ ಮನೆಯಲ್ಲಿ ಅಂಥ ಸರ ಹಾಕಿಕೊಂಡರೆ ಎಲ್ಲರಿಗೂ ವಿಷಯ ಗೊತ್ತಾಗುತ್ತದೆ. ಬಳಸುವವರ ಬದುಕು ಹೇಗಿದೆ ಎಂದು ಮೊದಲು ಕೇಳಬೇಕು ಎನ್ನುವುದಕ್ಕೆ ನಮ್ಮ ನೆಲದ್ದೇ ಉದಾಹರಣೆ ಇದು.

ಯಾರನ್ನು ಕೇಳಬೇಕು? ತಾಲ್ಲೂಕಿನಿಂದ ತಾಲ್ಲೂಕಿಗೆ ಪಟ್ಟಿ ಬದಲಾಗುತ್ತದೆ. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಲೈನ್ ಮನೆಗಳು. ಬೆಳಗಾವಿ, ಬಾಗಲಕೋಟೆಯಲ್ಲಿ ಕಬ್ಬು ಕಡಿಯಲು ಬಂದ ಗ್ಯಾಂಗ್‌ಗಳು. ಬೆಂಗಳೂರಿನ ಸುತ್ತ, ರಾಮನಗರ, ಮಂಡ್ಯದ ಕಡೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ವಿಜಯಪುರ, ಕಲಬುರಗಿಯಲ್ಲಿ ದುಡಿಯಲು ವಲಸೆ ಹೋಗಿ ಬರುವ ತಾಂಡಾದವರು. ಎಲ್ಲ ಕಡೆ ಹೊಸದಾಗಿ ಮದುವೆಯಾದವರು, ಅಂಗವಿಕಲ ಮಹಿಳೆಯರು, ಲೈಂಗಿಕ ಕಾರ್ಯಕರ್ತೆಯರು, ಲಿಂಗತ್ವ ಅಲ್ಪಸಂಖ್ಯಾತರು. ಮತ್ತೆ ಗಂಡಸರು. ಅವರನ್ನು ಯಾರೂ ಕೇಳುವುದೇ ಇಲ್ಲ.

ಕೇಳುವ ಕ್ರಮ ಹೀಗಿರಲಿ. ಆರೇಳು ಜನರ ಸಣ್ಣ ಗುಂಪು. ಒಂದೇ ವಯಸ್ಸಿನವರು. ಸೊಸೆಯಂದಿರ ಗುಂಪಿನಲ್ಲಿ ಅತ್ತೆಯಂದಿರು ಬೇಡ. ಅಂಗನವಾಡಿಗಿಂತ ಸ್ವಸಹಾಯ ಸಂಘದ ಸಭೆ ಮುಗಿದ ಹೊತ್ತು ಒಳ್ಳೆಯದು. ಯಾರ ಸ್ವಂತ ಕಥೆಯನ್ನೂ ಕೇಳಬೇಡಿ. "ನಿಮಗೆ ಹೀಗಾಗಿದೆಯಾ?" ಎನ್ನಬೇಡಿ. "ಈ ಊರಿನಲ್ಲಿ ಯಾರಿಗಾದರೂ ಬಿಳಿ ಸೆರಗು ಜಾಸ್ತಿಯಾದರೆ ಮೊದಲು ಎಲ್ಲಿಗೆ ಹೋಗ್ತಾರೆ? ಯಾಕೆ ಅಲ್ಲಿಗೆ?" ಎನ್ನಿ. "ತಿಂಗಳು ನಿಂತು, ಮಗು ಬೇಡ ಎಂದರೆ ಏನು ಮಾಡ್ತಾರೆ? ಎಷ್ಟು ಖರ್ಚಾಗುತ್ತೆ?" ಎನ್ನಿ. "ವಂಕಿ (ಕಾಪರ್-ಟಿ) ಹಾಕಿಸಿಕೊಂಡವರು ತೆಗೆಸಲು ಹೋದರೆ ನರ್ಸ್ ಏನಂತಾರೆ?" ಎನ್ನಿ. ಹೀಗೆ ಕೇಳಿದರೆ ನಿಜ ಹೊರಗೆ ಬರುತ್ತದೆ. ಮಾತ್ರೆ ಕೊಡುವ ಮೆಡಿಕಲ್ ಶಾಪ್ ಯಾವುದು, ಎಷ್ಟು ದುಡ್ಡು ತೆಗೆದುಕೊಳ್ಳುತ್ತಾರೆ, ಸರ್ಕಾರಿ ಆಸ್ಪತ್ರೆಯ ಯಾವ ಕಿಟಕಿಯಲ್ಲಿ ಎಲ್ಲರೆದುರು ಜೋರಾಗಿ ಹೆಸರು ಕೂಗುತ್ತಾರೆ, ಎಲ್ಲವೂ ತಿಳಿಯುತ್ತದೆ.

ಹೆಸರು ಬರೆದುಕೊಳ್ಳಬೇಡಿ. ಫೋಟೋ ತೆಗೆಯಬೇಡಿ. ಅದೇ ಊರಿನ ಆಶಾ ಕೂತಿದ್ದರೆ ಕೆಲವರು ಬಾಯಿ ಬಿಡುವುದಿಲ್ಲ. ಪಕ್ಕದ ಊರಿನವರನ್ನು ಕರೆದುಕೊಂಡು ಹೋಗಿ.

ಹಂತ 5: ಯಾವ ಸೇವೆ ಯಾವ ಮಟ್ಟದಲ್ಲಿ ಎಂದು ನಿಗದಿ ಮಾಡಿ

ಉಪಕೇಂದ್ರದಲ್ಲಿ ನಿರೋಧ್, ಮಾಲಾ-ಎನ್, ಛಾಯಾ, ತುರ್ತು ಗರ್ಭನಿರೋಧಕ ಮಾತ್ರೆ, ಗರ್ಭ ಪರೀಕ್ಷೆಯ ನಿಶ್ಚಯ್ ಕಿಟ್ ಯಾವಾಗಲೂ ಇರಬೇಕು. ಛಾಯಾ ಹಾರ್ಮೋನ್ ಇಲ್ಲದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾಲೂಡಿಸುವ ತಾಯಂದಿರೂ ತೆಗೆದುಕೊಳ್ಳಬಹುದು. ಪಿಎಚ್‌ಸಿಯಲ್ಲಿ ಇವುಗಳ ಜೊತೆಗೆ ವಂಕಿ ಹಾಕುವ ಮತ್ತು ತೆಗೆಯುವ ವ್ಯವಸ್ಥೆ ಇರಲಿ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಎಚ್‌ಐವಿ ಮತ್ತು ಸಿಫಿಲಿಸ್ ತಪಾಸಣೆ, ಲೈಂಗಿಕ ಸೋಂಕಿನ ಬಣ್ಣದ ಕಿಟ್‌ಗಳು ಇರಲಿ. ಈ ಕಿಟ್‌ಗಳು ಒಟ್ಟು ಏಳು. ಬೂದು ಬಣ್ಣದ್ದು ಮೂತ್ರನಾಳದ ಸ್ರಾವಕ್ಕೆ, ಹಸಿರು ಯೋನಿ ಸ್ರಾವಕ್ಕೆ. ಎಷ್ಟೋ ಕಡೆ ಹಸಿರು ಖಾಲಿಯಾಗಿರುತ್ತದೆ, ಬೂದು ಧೂಳು ಹಿಡಿದಿರುತ್ತದೆ. ಗಂಡಸರು ಬರುತ್ತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೆಂಡತಿಗೆ ಮಾತ್ರ ಔಷಧ ಕೊಟ್ಟು ಗಂಡನನ್ನು ಬಿಟ್ಟರೆ ಅದೇ ಸೋಂಕು ಮತ್ತೆ ಬರುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್, ರಕ್ತ ಶೇಖರಣಾ ಘಟಕ, ಹೆರಿಗೆಯಾದ 48 ಗಂಟೆಯೊಳಗೆ ವಂಕಿ, ಹೆಂಗಸರ ಮತ್ತು ಗಂಡಸರ ಆಪರೇಷನ್, ಗರ್ಭಪಾತ ಸೇವೆ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇರಬೇಕು. ತಪಾಸಣೆ 30 ದಾಟಿದ ಮಹಿಳೆಯರಿಗೆ. ಪಾಸಿಟಿವ್ ಬಂದವರನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಚಿಕಿತ್ಸೆಯ ದಾರಿ ಇಲ್ಲದೆ ತಪಾಸಣೆ ಮಾಡುವುದು ಹೆದರಿಸಿದಂತೆ.

ಮೂರು ವಿಷಯಗಳನ್ನು ಬಿಡಿಸಿ ಹೇಳಬೇಕು.

ಮೊದಲನೆಯದು ಗರ್ಭಪಾತ. 1971ರ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಯಿತು. ಕಾಯ್ದೆ ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ವಿಫಲವಾದದ್ದೂ ಅಂಥ ಒಂದು ಕಾರಣ. ಮೊದಲು ಅಲ್ಲಿ "ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ" ಎಂದಿತ್ತು. ತಿದ್ದುಪಡಿ ಅದನ್ನು "ಮಹಿಳೆ ಅಥವಾ ಆಕೆಯ ಸಂಗಾತಿ" ಎಂದು ಬದಲಿಸಿತು. 20ರಿಂದ 24 ವಾರದವರೆಗೆ ಕೆಲವು ವರ್ಗದವರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಈ ಹಕ್ಕು ಮದುವೆಯಾಗದವರಿಗೂ ಇದೆ ಎಂದು ಹೇಳಿತು. 18 ತುಂಬಿದವಳಿಗೆ ಆಕೆಯ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೂ ಕೌಂಟರ್‌ನಲ್ಲಿ "ಗಂಡನ್ನ ಕರ್ಕೊಂಡು ಬಾ" ಎಂಬ ಮಾತು ನಿಂತಿಲ್ಲ. ಹಾಗೆ ವಾಪಸ್ ಹೋದವಳು ಮೆಡಿಕಲ್ ಶಾಪ್‌ಗೋ, ನಕಲಿ ವೈದ್ಯನ ಹತ್ತಿರವೋ ಹೋಗುತ್ತಾಳೆ. ರಕ್ತಸ್ರಾವ ಆದ ಮೇಲೆ ಮತ್ತೆ ನಮ್ಮಲ್ಲಿಗೇ ಬರುತ್ತಾಳೆ.

ಯೋಜನೆಯಲ್ಲಿ ಹೀಗೆ ಬರೆಯಿರಿ: ತರಬೇತಿ ಪಡೆದ ವೈದ್ಯರು ಯಾರು, ಯಾವ ವಾರಗಳಲ್ಲಿ, ಮಾತ್ರೆ ಮತ್ತು ಗರ್ಭ ಹೊರತೆಗೆಯುವ ಎಂವಿಎ ಸಿರಿಂಜ್ ಎಷ್ಟು, ರಜೆ ಹಾಕಿದರೆ ಬದಲಿ ಯಾರು. ಗರ್ಭಪಾತ ಬೇಕಿದ್ದರೆ ವಂಕಿ ಹಾಕಿಸಿಕೋ, ಆಪರೇಷನ್ ಮಾಡಿಸಿಕೋ ಎಂಬ ಷರತ್ತು ಹಾಕುವಂತಿಲ್ಲ ಎಂಬುದೂ ಲಿಖಿತವಾಗಿ ಇರಲಿ. 18ರ ಒಳಗಿನವಳು ಬಂದರೆ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ಮಾಹಿತಿ ಕೊಡುವುದು ಕಡ್ಡಾಯ. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆ ಮಾಹಿತಿಯಲ್ಲಿ ಆಕೆಯ ಗುರುತು ಬಹಿರಂಗ ಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ 2022ರ ಅದೇ ತೀರ್ಪು ಹೇಳಿದೆ. ಈ ಸಾಲನ್ನು ಪ್ರಿಂಟ್ ಮಾಡಿ ವೈದ್ಯರ ಮೇಜಿನ ಗಾಜಿನ ಕೆಳಗೆ ಇಡಿ. ಪೊಲೀಸ್ ಭಯದಿಂದ ಸೇವೆಯನ್ನೇ ನಿರಾಕರಿಸುವ ವೈದ್ಯರಿಗೆ ಇದು ಧೈರ್ಯ ಕೊಡುತ್ತದೆ.

ಎರಡನೆಯದು ಆಪರೇಷನ್. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದಿತು. ಹಾಗಾಗಿ ನಿಮ್ಮ ಯೋಜನೆಯಲ್ಲಿ "ಶಿಬಿರ" ಬೇಡ. ನಿಗದಿತ ದಿನ, ನಿಗದಿತ ಆಸ್ಪತ್ರೆ, ಸರಿಯಾದ ಥಿಯೇಟರ್. ಒಂದು ತಂಡ ದಿನಕ್ಕೆ 30ಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಅದು ಮಿತಿ, ಗುರಿಯಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಓದಲು ಬಾರದವರಿಗೆ ಓದಿ ಹೇಳಲಿ.

ಗಂಡಸರ ಆಪರೇಷನ್‌ಗೆ ಬೇರೆ ಯೋಜನೆಯೇ ಬೇಕು. ಚಾಕು, ಹೊಲಿಗೆ ಇಲ್ಲದ ವಿಧಾನ, ಅದೇ ದಿನ ಮನೆಗೆ ಹೋಗಬಹುದು, ಹೆಂಗಸರದಕ್ಕಿಂತ ಸುಲಭ. ಆದರೂ ಸೊನ್ನೆ. ಜಿಲ್ಲೆಯಲ್ಲಿ ತರಬೇತಿ ಪಡೆದ ಸರ್ಜನ್ ಯಾರು ಎಂದು ಹುಡುಕಿ, ತಿಂಗಳಿಗೆ ಒಂದು ದಿನ ಅವರನ್ನು ಗೊತ್ತು ಮಾಡಿ. ಮಾತಾಡುವ ಕೆಲಸ ಆಶಾ ಮೇಲೆ ಹಾಕಬೇಡಿ. ಪುರುಷ ಆರೋಗ್ಯ ನಿರೀಕ್ಷಣಾಧಿಕಾರಿಗಳು ಇದ್ದಾರಲ್ಲ, ಇದು ಅವರ ಕೆಲಸ. ಮಾಡಿಸಿಕೊಂಡು ಚೆನ್ನಾಗಿರುವ ಒಬ್ಬ ಗಂಡಸು ಇಷ್ಟಪಟ್ಟು ಮಾತಾಡಿದರೆ ಹತ್ತು ಪೋಸ್ಟರ್‌ಗಿಂತ ಮೇಲು. ಮೂರು ತಿಂಗಳು ಕಾಂಡೋಮ್, ಆಮೇಲೆ ವೀರ್ಯ ಪರೀಕ್ಷೆ ಎಂಬುದನ್ನು ಬಿಡದೆ ಹೇಳಿ. ಅದನ್ನು ಹೇಳದ ಕಾರಣಕ್ಕೆ ಹೆಂಡತಿ ಗರ್ಭಿಣಿಯಾಗಿ, ಅನುಮಾನ ಹುಟ್ಟಿ, ಸಂಸಾರಗಳು ಮುರಿಯುತ್ತವೆ.

ಮೂರನೆಯದು ಲೈಂಗಿಕ ದೌರ್ಜನ್ಯ. ಚಿಕಿತ್ಸೆ ಎಲ್ಲ ಆಸ್ಪತ್ರೆಯಲ್ಲೂ ಉಚಿತ, ಖಾಸಗಿಯಲ್ಲೂ. ಎಫ್‌ಐಆರ್ ಆಗುವವರೆಗೆ ಕಾಯಿಸುವಂತಿಲ್ಲ. ತುರ್ತು ಗರ್ಭನಿರೋಧಕ ಮಾತ್ರೆ ಮತ್ತು ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಸಿಗಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಎರಡು ಬೆರಳಿನ ಪರೀಕ್ಷೆ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ. ರಾತ್ರಿ ಪಾಳಿಯ ನರ್ಸ್‌ಗೆ ಔಷಧ ಎಲ್ಲಿದೆ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರದ ಫೋನ್ ಯಾವುದು ಎಂದು ಗೊತ್ತಿರಬೇಕು. ಮಹಿಳಾ ಸಹಾಯವಾಣಿ 181 ಮತ್ತು ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆಸಿ.

ಹಂತ 6: ಜಾಗ, ಹೊತ್ತು, ಗುಟ್ಟು

ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. ಕ್ಲಿನಿಕ್ ಹೊತ್ತು ಶಾಲೆ, ಕಾಲೇಜು ನಡೆಯುವ ಹೊತ್ತೇ ಆದರೆ ಯಾರು ಬರಬೇಕು? ಮಧ್ಯಾಹ್ನ ಮೂರೂವರೆ ಮೇಲೆ ಇಡಿ. ಗಾರ್ಮೆಂಟ್ಸ್ ಇರುವ ಕಡೆ ಸಂಜೆ ಅಥವಾ ಭಾನುವಾರ. ನಗರದಲ್ಲಿ ಸರ್ಕಾರದ "ನಮ್ಮ ಕ್ಲಿನಿಕ್"ಗಳನ್ನು ಬಳಸಿಕೊಳ್ಳಿ. ಹೋಬಳಿಯಲ್ಲಿ ಸಂತೆಯ ದಿನ ಬಹಳ ಒಳ್ಳೆಯದು. ಹೆಂಗಸರು ಹೇಗೂ ಊರಿಗೆ ಬಂದಿರುತ್ತಾರೆ. ಎಲ್ಲಿಗೆ ಹೋಗಿದ್ದೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಬೋರ್ಡಿನಲ್ಲಿ ಕಾಯಿಲೆ ಹೆಸರು ಬೇಡ. ಕೋಣೆ ಸಂಖ್ಯೆ ಸಾಕು. ಚೀಟಿ ಬರೆಯುವ ಕಡೆ ಯಾಕೆ ಬಂದಿದ್ದೀರಿ ಎಂದು ಕೇಳುವುದನ್ನು ನಿಲ್ಲಿಸಿ. ಕಾಂಡೋಮ್ ಡಬ್ಬಿ ಶೌಚಾಲಯದ ಹತ್ತಿರ ಇರಲಿ, ಕೌಂಟರ್ ಮೇಲೆ ಬೇಡ. ಎಚ್‌ಐವಿ ಇರುವವರ ಗುರುತು ಬಿಟ್ಟುಕೊಡುವುದು 2017ರ ಕಾಯ್ದೆ ಪ್ರಕಾರ ತಪ್ಪು ಎಂದು ಡಿ ಗ್ರೂಪ್ ನೌಕರರಿಗೂ ತಿಳಿಸಿ. ಇವು ಹೆಚ್ಚು ಹಣ ಬೇಡದ ಕೆಲಸಗಳು. ಪರಿಣಾಮ ಮಾತ್ರ ದೊಡ್ಡದು.

ಹಂತ 7: ಔಷಧ ಖಾಲಿಯಾಗದಂತೆ ನೋಡಿಕೊಳ್ಳಿ

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ನಿಮ್ಮ ತಾಲ್ಲೂಕಿನಲ್ಲಿ 120 ಜನ ಅಂತರಾ ತೆಗೆದುಕೊಳ್ಳುತ್ತಿದ್ದಾರೆ. ಒಬ್ಬರಿಗೆ ವರ್ಷಕ್ಕೆ ನಾಲ್ಕು. ಒಟ್ಟು 480, ತಿಂಗಳಿಗೆ 40. ಮೂರು ತಿಂಗಳ ದಾಸ್ತಾನು ಎಂದರೆ 120 ಯಾವಾಗಲೂ ಕೈಯಲ್ಲಿರಬೇಕು. ಹೊಸಬರು ಸೇರುತ್ತಾರೆ, ಅವರಿಗೆ ಕಾಲು ಭಾಗ ಸೇರಿಸಿ. 150. ದಾಸ್ತಾನು 80ಕ್ಕೆ ಇಳಿದ ದಿನವೇ ಗರ್ಭನಿರೋಧಕಗಳ ದಾಸ್ತಾನು ನೋಡುವ ಎಫ್‌ಪಿ-ಎಲ್‌ಎಂಐಎಸ್ ತಂತ್ರಾಂಶದಲ್ಲಿ ಬೇಡಿಕೆ ಹಾಕಿ. ದಿನಾಂಕ ದಾಟಿ ನಾಲ್ಕು ವಾರದವರೆಗೆ ಮುಂದಿನ ಚುಚ್ಚುಮದ್ದು ಕೊಡಬಹುದು. ಅದಕ್ಕಿಂತ ತಡವಾದರೆ ಗರ್ಭ ಇಲ್ಲ ಎಂದು ಖಚಿತ ಮಾಡಿಕೊಂಡು ಮತ್ತೆ ಶುರು ಮಾಡಬೇಕು. ಒಮ್ಮೆ "ಇಲ್ಲ, ಮುಂದಿನ ವಾರ ಬನ್ನಿ" ಎಂದರೆ ಕೂಲಿ ಬಿಟ್ಟು ಬಂದವಳು ಮತ್ತೆ ಬರುವುದು ಅನುಮಾನ.

ಇದೇ ಲೆಕ್ಕ ಪ್ರತಿ ವಸ್ತುವಿಗೂ ಮಾಡಿ. ಒಂದು ಪಿಎಚ್‌ಸಿಯಲ್ಲಿ ಜಾಸ್ತಿ ಇದ್ದು ಇನ್ನೊಂದರಲ್ಲಿ ಖಾಲಿಯಾಗಿದ್ದರೆ ಅಲ್ಲಿಂದಲ್ಲಿಗೆ ಸಾಗಿಸಲು ಸಣ್ಣ ಸಾರಿಗೆ ವೆಚ್ಚವನ್ನು ಯೋಜನೆಯಲ್ಲೇ ಸೇರಿಸಿ.

ಹಂತ 8: ಹೊರಗಿನವರಿಗೆ ಕೆಲಸ ವಹಿಸುವುದು

ಎಲ್ಲವನ್ನೂ ಸರ್ಕಾರಿ ಸಿಬ್ಬಂದಿಯೇ ಮಾಡಲು ಆಗುವುದಿಲ್ಲ. ಅರಿವಳಿಕೆ ತಜ್ಞರು, ಸ್ಕ್ಯಾನಿಂಗ್, ಸಮುದಾಯದ ನಡುವೆ ಓಡಾಡುವ ಕೆಲಸ ಇವಕ್ಕೆ ಖಾಸಗಿ ಆಸ್ಪತ್ರೆ ಅಥವಾ ಸಂಸ್ಥೆ ಬೇಕಾಗಬಹುದು. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಅನುಭವ ಇದೆ. ಎಚ್‌ಐವಿ ತಡೆ ಕೆಲಸವನ್ನು ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಸ್ವಯಂಸೇವಾ ಸಂಸ್ಥೆಗಳಿಗೆ ಮತ್ತು ಸಮುದಾಯದ್ದೇ ಸಂಘಗಳಿಗೆ ವಹಿಸುತ್ತಾ ಬಂದಿದೆ. ಮೈಸೂರಿನ ಅಶೋದಯ ಸಮಿತಿ ಲೈಂಗಿಕ ಕಾರ್ಯಕರ್ತರೇ ಕಟ್ಟಿ ನಡೆಸುವ ಸಂಘಟನೆ. ಯಾರಿಗೆ ಸೇವೆ ಬೇಕೋ ಅವರೇ ಸೇವೆ ನಡೆಸಬಲ್ಲರು ಎಂದು ಅದು ತೋರಿಸಿದೆ.

ಮೊದಲು ಸಂಸ್ಥೆ ಗೊತ್ತುಮಾಡಿ ಆಮೇಲೆ ಕೆಲಸ ಬರೆಯಬೇಡಿ. ಮೊದಲು ಕೆಲಸ ಏನು ಎಂದು ಎರಡು ಪುಟ ಬರೆಯಿರಿ. ಖರೀದಿ ಮತ್ತು ಸೇವೆಗೆ 1999ರ ಪಾರದರ್ಶಕತೆ ಕಾಯ್ದೆಯ ನಿಯಮ ಅನ್ವಯಿಸುತ್ತದೆ. ಟೆಂಡರ್ ಬೇಕೋ, ವಿನಾಯಿತಿ ಇದೆಯೋ ಎಂದು ಜಿಲ್ಲಾ ಲೆಕ್ಕಾಧಿಕಾರಿಯನ್ನು ಶುರುವಿನಲ್ಲೇ ಕೇಳಿ. ಆಪರೇಷನ್ ಮಾಡುವ ಖಾಸಗಿ ಆಸ್ಪತ್ರೆಗೆ ಜಿಲ್ಲಾ ಗುಣಮಟ್ಟ ಖಾತರಿ ಸಮಿತಿಯ ಮಾನ್ಯತೆ ಇರಬೇಕು.

ಒಪ್ಪಂದದಲ್ಲಿ ಬಿಡಲೇಬಾರದವು ಇವು:

- ಯಾರಿಗೆ, ಯಾವ ಊರುಗಳಲ್ಲಿ, ಯಾವ ದಿನ, ಎಷ್ಟು ಹೊತ್ತು
- ಒಪ್ಪಿಗೆ ಪತ್ರ ಮತ್ತು ದಾಖಲೆಗಳು ಯಾರ ಬಳಿ, ಎಷ್ಟು ಕಾಲ
- ತೊಡಕಾದರೆ ಯಾರು ನೋಡಿಕೊಳ್ಳಬೇಕು, ವಾಹನ ಖರ್ಚು ಯಾರದು
- ದೂರು ಕೊಡುವ ದಾರಿ, ಉತ್ತರ ಕೊಡಲು ಗಡುವು
- ಸಂಸ್ಥೆ ಮಧ್ಯದಲ್ಲಿ ಬಿಟ್ಟುಹೋದರೆ ಫಲಾನುಭವಿಗಳನ್ನು ಯಾರಿಗೆ ಒಪ್ಪಿಸಬೇಕು

ಹಣ ಕೊಡುವ ರೀತಿ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಒಂದು ಆಪರೇಷನ್‌ಗೆ ಇಷ್ಟು, ಒಂದು ವಂಕಿಗೆ ಇಷ್ಟು ಎಂದು ಮಾತ್ರ ಕೊಟ್ಟರೆ ಅದೇ ಜಾಸ್ತಿ ಆಗುತ್ತದೆ, ಸಮಾಲೋಚನೆ ಮಾಯವಾಗುತ್ತದೆ. ಹೆಚ್ಚಿನ ಪಾಲನ್ನು ಕ್ಲಿನಿಕ್ ತೆರೆದಿಟ್ಟಿದ್ದಕ್ಕೆ, ಸಿಬ್ಬಂದಿ ಇದ್ದದ್ದಕ್ಕೆ ಕೊಡಿ. ಸ್ವಲ್ಪವನ್ನು ಗುಣಮಟ್ಟಕ್ಕೆ ಕಟ್ಟಿ. ಮತ್ತೆ, ಸಮಯಕ್ಕೆ ಸರಿಯಾಗಿ ಕೊಡಿ. ಆರು ತಿಂಗಳು ಹಣ ಬಾರದೆ ಸಣ್ಣ ಸಂಸ್ಥೆಯ ಕ್ಷೇತ್ರ ಕಾರ್ಯಕರ್ತೆಯರು ಸಂಬಳ ಇಲ್ಲದೆ ಓಡಾಡುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಮೊದಲ ಕಂತು ಮುಂಗಡವಾಗಿ ಕೊಡುವ ಅವಕಾಶ ಒಪ್ಪಂದದಲ್ಲೇ ಇರಲಿ.

ಹಂತ 9: ಬಜೆಟ್ ಸಾಲು ಬರೆಯುವುದು

ಪ್ರತಿ ಸಾಲಿಗೂ ಚಟುವಟಿಕೆ, ಸಂಖ್ಯೆ, ಒಂದಕ್ಕೆ ವೆಚ್ಚ, ಒಟ್ಟು, ಮತ್ತು ಸಮರ್ಥನೆ ಬೇಕು. ಸಮರ್ಥನೆಯಲ್ಲಿ "ಅಗತ್ಯವಿದೆ" ಎಂದು ಸುಮ್ನೆ ಬರೆದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. "ತಾಲ್ಲೂಕಿನಲ್ಲಿ ಸುಮಾರು 2,200 ದಂಪತಿಗೆ ಗರ್ಭನಿರೋಧಕ ಸಿಗುತ್ತಿಲ್ಲ, ಎಂಟು ಪಿಎಚ್‌ಸಿಗಳಲ್ಲಿ ಎರಡರಲ್ಲಿ ಮಾತ್ರ ವಂಕಿ ಹಾಕಲು ತರಬೇತಿ ಪಡೆದವರಿದ್ದಾರೆ, ಉಳಿದ ಆರಕ್ಕೆ ತಲಾ ಇಬ್ಬರಂತೆ 12 ಜನಕ್ಕೆ ತರಬೇತಿ" ಎಂದು ಬರೆದರೆ ಪ್ರಶ್ನೆ ಕೇಳುವವರಿಗೆ ಉತ್ತರ ಅಲ್ಲೇ ಇರುತ್ತದೆ.

ಹಂತ 10: ನಡೆಯುತ್ತಿದೆಯೇ ಎಂದು ನೋಡುವುದು

ಕೇಂದ್ರ ಸರ್ಕಾರ 1996ರಲ್ಲೇ ಗರ್ಭನಿರೋಧಕಗಳಿಗೆ ಗುರಿ ಕೊಡುವ ಪದ್ಧತಿ ಕೈಬಿಟ್ಟಿತು. ಆದರೂ ಮಾಸಿಕ ಸಭೆಯಲ್ಲಿ "ನಿಮ್ಮದು ಎಷ್ಟಾಯ್ತು?" ಎಂದು ಆಶಾಗಳನ್ನು ನಿಲ್ಲಿಸಿ ಕೇಳುವ ಅಭ್ಯಾಸ ಹೋಗಿಲ್ಲ. ಹೀಗೆ ಕೇಳಿದರೆ ಅವರು ಸಂಖ್ಯೆ ತರುತ್ತಾರೆ, ಹೆಂಗಸರ ಇಷ್ಟ ಕೇಳುವುದಿಲ್ಲ. ಬದಲಿಗೆ ಬೇರೆ ಪ್ರಶ್ನೆ ಕೇಳಿ. ಈ ತಿಂಗಳು ಯಾವ ವಸ್ತು ಎಷ್ಟು ದಿನ ಖಾಲಿ ಇತ್ತು? ಅಂತರಾ ಮೊದಲ ಡೋಸ್ ಪಡೆದವರಲ್ಲಿ ಎಷ್ಟು ಜನ ಮೂರನೆಯದಕ್ಕೆ ಬಂದರು? ವಂಕಿ ತೆಗೆಸಲು ಬಂದವರಲ್ಲಿ ಎಷ್ಟು ಜನರಿಗೆ ಅದೇ ದಿನ ತೆಗೆದರು? ಗರ್ಭಪಾತಕ್ಕೆ ಬಂದು ಎಷ್ಟು ಜನ ವಾಪಸ್ ಹೋದರು, ಯಾಕೆ? ಸೋಂಕಿಗೆ ಚಿಕಿತ್ಸೆ ಪಡೆದವರ ಸಂಗಾತಿಗಳು ಎಷ್ಟು ಜನ ಬಂದರು?

ಪೂರ್ತಿ ಚಿತ್ರ ರಿಜಿಸ್ಟರಿನಲ್ಲಿ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಬೇರೆ ತಾಲ್ಲೂಕಿನ ಒಬ್ಬ ಕಾರ್ಯಕರ್ತೆ ಆಸ್ಪತ್ರೆ ಗೇಟಿನ ಹೊರಗೆ ಹತ್ತು ಜನರನ್ನು ಮಾತಾಡಿಸಲಿ. ಎಲ್ಲ ವಿಧಾನದ ಬಗ್ಗೆ ಹೇಳಿದರಾ, ಬಾಗಿಲು ಹಾಕಿದ್ದರಾ, ದುಡ್ಡು ಕೇಳಿದರಾ? ಬಂದ ಉತ್ತರವನ್ನು ಆರೋಗ್ಯ ರಕ್ಷಾ ಸಮಿತಿಯ ಮುಂದೆ ಹೆಸರಿಲ್ಲದೆ ಓದಿ. ಜನಸಂವಾದ ಮಾಡುವುದಾದರೆ ಗರ್ಭಪಾತ, ಎಚ್‌ಐವಿಯಂಥ ವಿಷಯಗಳನ್ನು ತುಂಬಿದ ಸಭೆಯಲ್ಲಿ ವೈಯಕ್ತಿಕ ದೂರಾಗಿ ಎತ್ತಿಸಬೇಡಿ. ಅದಕ್ಕೆ ಬೇರೆ ಪೆಟ್ಟಿಗೆ, ಬೇರೆ ಫೋನ್ ಇರಲಿ.

ಹಂತ 11: ಕೇಳಿದ್ದಕ್ಕಿಂತ ಕಡಿಮೆ ಬಂದಾಗ

ಆರ್‌ಒಪಿ ಬಂದಾಗ ಕೇಳಿದ್ದೆಲ್ಲ ಸಿಕ್ಕಿರುವುದಿಲ್ಲ. ಆಗ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಡಿತ ಮಾಡಬೇಡಿ. ಹಾಗೆ ಮಾಡಿದರೆ ಯಾವುದೂ ಪೂರ್ತಿ ನಡೆಯುವುದಿಲ್ಲ. ಜನ ಓಡಾಡುವ ಎರಡು ಮೂರು ಕೇಂದ್ರಗಳನ್ನು ಆಯ್ದುಕೊಳ್ಳಿ. ಅಲ್ಲಿ ವೈದ್ಯರು, ಔಷಧ, ಕೋಣೆ, ನಿಗದಿತ ದಿನ ನಾಲ್ಕೂ ಒಟ್ಟಿಗೆ ಸಿಗುವಂತೆ ಮಾಡಿ. ಉಳಿದ ಪಿಎಚ್‌ಸಿಗಳಿಂದ ಅಲ್ಲಿಗೆ ಯಾವ ಬಸ್, ಎಷ್ಟು ಹೊತ್ತಿಗೆ ಎಂದು ಬರೆದು ಆಶಾಗಳಿಗೆ ಕೊಡಿ. ಬ್ಯಾನರ್, ದಿನಾಚರಣೆ, ಕಾರ್ಯಾಗಾರಗಳ ಹಣ ಮೊದಲು ಹೋಗಲಿ. ಸಮಾಲೋಚಕಿಯ ಸಂಬಳ, ಗರ್ಭಪಾತ ಸೇವೆಯ ಸಾಮಗ್ರಿ, ಬರದವರನ್ನು ಹುಡುಕಿಕೊಂಡು ಹೋಗುವ ಓಡಾಟದ ಖರ್ಚು, ಈ ಮೂರನ್ನು ಕೊನೆಯವರೆಗೂ ಬಿಡಬೇಡಿ. ಸಿಗದೇ ಹೋದ ಸಾಲುಗಳನ್ನು ಸಮರ್ಥನೆ ಸಮೇತ ಬೇರೆ ಕಡತದಲ್ಲಿ ಇಡಿ. ಪೂರಕ ಬೇಡಿಕೆ ಕೇಳುವ ಪತ್ರ ಬಂದರೆ ಅದೇ ದಿನ ಕಳಿಸಿ.